ಬಿದ್ದ ಮರವನ್ನೂ ಅಳೆಯಲಿ

ಮಾನ್ಯರೇ,

ಮೂರು ಮಳೆಗಾಲದ ಹಿಂದೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಒಂದು ದೊಡ್ಡ ಮತ್ತಿ ಮರ ಗಾಳಿಗೆ ಬಿತ್ತು. ‘ಸುಮ್ನೆ ಗೆದ್ದಲು ತಿನ್ನತ್ತೆ, ಬಚ್ಚಲ ಒಲೆಗಾದರೂ ಆಗತ್ತೆ’ ಎಂದರು ಪಕ್ಕದವರು. ರೆಂಬೆಗಳನ್ನು ತಂದೆವು, ನಿಜ. ಬೊಡ್ಡೆ ಅಲ್ಲೇ ಉಳಿಯಿತು. ಮೊದಲ ಬೇಸಿಗೆಯಲ್ಲಿ ತೊಗಟೆಯ ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿತ್ತು, ಕೊರೆಯುವ ಹುಳುವಿನ ಕೆಲಸ. ಮರುವರ್ಷದ ಮಳೆಗೆ ಅಣಬೆ ಎದ್ದವು. ಈ ಸಲ ತೊಗಟೆ ಎತ್ತಿ ನೋಡಿದರೆ ಚೇಳು, ಸಹಸ್ರಪದಿ, ಒಂದು ಪುಟ್ಟ ಕಪ್ಪೆ. ಮರಕುಟಿಗವಂತೂ ಬೊಡ್ಡೆಯನ್ನು ಜರಡಿ ಮಾಡಿಟ್ಟಿದೆ.

ಸತ್ತ ಮರವನ್ನೇ ನಂಬಿಕೊಂಡ ಜೀವಿಗಳು ಕಡಿಮೆಯೇನಲ್ಲ. ಫಿನ್‌ಲೆಂಡಿನ ಕಾಡುಗಳಲ್ಲಿ ಅಂಥವು ನಾಲ್ಕೈದು ಸಾವಿರ ಜಾತಿ ಇವೆ ಎಂದು ಅಲ್ಲಿನವರು ಅಂದಾಜು ಮಾಡಿದ್ದಾರೆ. ಯುರೋಪಿನ ದೇಶಗಳು ಕಾಡಿನ ಜೀವವೈವಿಧ್ಯದ ಲೆಕ್ಕದಲ್ಲಿ ಹೆಕ್ಟೇರಿಗೆ ಎಷ್ಟು ಘನ ಮೀಟರ್ ಸತ್ತ ಮರ ಇದೆ ಎಂದೂ ನೋಡುವುದು ಇದಕ್ಕೇ. ನಮ್ಮ ಘಟ್ಟದ ಮಲಬಾರ್ ಟ್ರೋಗನ್ ಹಕ್ಕಿ ಗೂಡು ಕೊರೆಯುವುದೂ ಕುಂಬಾದ, ಅಂದರೆ ಕೊಳೆತು ಮೆತ್ತಗಾದ, ಮೋಟು ಮರದಲ್ಲೇ.

ನಮ್ಮಲ್ಲಿ ಲೆಕ್ಕವೇ ಇಲ್ಲ ಎಂದಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ ವರದಿಯಲ್ಲಿ ಸತ್ತ ಮರಕ್ಕೂ ಜಾಗ ಇದೆ. ಆದರೆ ಅದು ಇಂಗಾಲದ ಲೆಕ್ಕ, ಟನ್ನುಗಳಲ್ಲಿ. ಟನ್ನು ಟನ್ನೇ, ಸಣ್ಣ ಕೊಂಬೆಯದ್ದಾದರೂ ದಿಮ್ಮಿಯದ್ದಾದರೂ. ಮರಕುಟಿಗಕ್ಕೆ ಎರಡೂ ಒಂದೇ ಅಲ್ಲ ಅಲ್ವಾ? ದಪ್ಪ ಎಷ್ಟು, ನಿಂತಿದೆಯೋ ಮಲಗಿದೆಯೋ, ಎಷ್ಟು ಕುಂಬಾಗಿದೆ, ಇವೂ ಗೊತ್ತಾಗಬೇಕು.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಕಾಡಿನಲ್ಲಿ ಒಂದು ಹಗ್ಗ ನೇರ ಎಳೆದು, ಅದರಡಿ ಅಡ್ಡ ಬಿದ್ದ ಒಂದೊಂದು ದಿಮ್ಮಿಯ ದಪ್ಪ ಬರೆದುಕೊಂಡರಾಯಿತು. ಹಗ್ಗದ ಉದ್ದ, ದಿಮ್ಮಿಗಳ ದಪ್ಪ ಇವೆರಡರಿಂದಲೇ ಹೆಕ್ಟೇರಿನ ಲೆಕ್ಕ ಸಿಗುತ್ತದೆ. ಚಾಕು ಚುಚ್ಚಿ ನೋಡಿದರೆ ಎಷ್ಟು ಕುಂಬಾಗಿದೆ ಎಂದು ತಿಳಿಯುತ್ತದೆ. ನಿಂತ ಒಣಮರಗಳನ್ನು ಮಾತ್ರ ಬೇರೆ ಎಣಿಸಬೇಕು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಸತ್ತ ಮರ, ಬಿದ್ದ ಮರ ತೆಗೆಯುವುದನ್ನು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿಯಲ್ಲೇ ತಡೆದಿದೆ. ಅರಣ್ಯ ಇಲಾಖೆ ಮೊದಲು ಅಲ್ಲೊಂದು ಹಗ್ಗ, ಹೊರಗಿನ ಕಾಡಿನಲ್ಲೊಂದು ಹಗ್ಗ ಎಳೆಯಲಿ. ಆ ಆದೇಶದಿಂದ ಕಾಡಿಗೆ ಸಿಕ್ಕಿದ್ದೇನು ಎಂಬುದು ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಬೇಕಾದರೆ ನಮ್ಮ ಬೆಟ್ಟಕ್ಕೂ ಬರಲಿ, ಹಗ್ಗದ ಒಂದು ತುದಿ ನಾನೇ ಹಿಡಿಯುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು