ಒಂದೇ ಕಾಲು ಊದಿದರೂ ಕಿಡ್ನಿ ಊತವೇ?

ಸಂಪಾದಕರೇ,

ಡಾಕ್ಟರಿಲ್ಲದೆ ನಮ್ಮೂರ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಗೆ ಬೀಗ ಬಿದ್ದ ವರದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅದರಲ್ಲಿ ‘ರೋಗಿಗಳಿಗೆ ತೊಂದರೆ ಆಗಿಲ್ಲ’ ಎಂಬ ಅಧಿಕಾರಿಗಳ ಮಾತು ಓದಿ ಮೈ ಉರಿಯಿತು. ತೊಂದರೆ ಆಗಿಲ್ಲದಿದ್ದರೆ ನನ್ನ ತಮ್ಮ ಶಿವಮೊಗ್ಗದಲ್ಲಿ ಯಾಕೆ ಅಡ್ಮಿಟ್ ಆಗಿದ್ದಾನೆ?

ಅವನಿಗೆ ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಿಡ್ನಿ ಕಾಯಿಲೆ ಇದೆ. ಎಡಗಾಲಿನ ಮೀನಖಂಡ ಕೆಂಪಗೆ ಬಿಗಿದು ಊದಿತ್ತು, ಮುಟ್ಟಿದರೆ ಬಿಸಿ. ಬಲಗಾಲಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಪ್ಯಾಂಟ್ ಮಡಚು ಅಂತ ಕೂಡ ಯಾರೂ ಹೇಳಲಿಲ್ಲ. ಫೈಲ್ ನೋಡಿ, ‘ಕಿಡ್ನಿ ಪೇಷಂಟ್ ಅಲ್ವಾ, ಊತ ಇದ್ದದ್ದೇ’ ಎಂದು ಮೂತ್ರ ಹೋಗುವ ಮಾತ್ರೆ ಬರೆದುಕೊಟ್ಟರು. ಕಿಡ್ನಿ ಊತ ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಮೊದಲು ನೋಡಬೇಕು. ಈ ಕಾಯಿಲೆಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನ್ ಕೂಡ ಮೂತ್ರದಲ್ಲಿ ಸೋರಿಹೋಗುತ್ತದೆ. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದಷ್ಟೂ ಅಪಾಯ ಜಾಸ್ತಿ. ಹೆಪ್ಪು ಕಾಲಿನಿಂದ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಕುತ್ತು. ಇದನ್ನೆಲ್ಲ ನಮಗೆ ಬಿಡಿಸಿ ಹೇಳಿದ್ದು ಶಿವಮೊಗ್ಗದ ಡಾಕ್ಟರು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಕಂಡ ಮೇಲೆ.

ಅಲ್ಲಿಗೆ ಹೋಗಿದ್ದು ಹೇಗೆ ಅಂತ ಕೇಳಿ. ಆಂಬುಲೆನ್ಸ್ ಬೇರೆ ಕಡೆ ಹೋಗಿದೆ ಎಂದರು. ಜೋರು ಮಳೆ. ಬಾಡಿಗೆ ಕಾರಿನವನು ಎರಡು ಪಟ್ಟು ಕೇಳಿದ. ರಸ್ತೆಯ ಗುಂಡಿ ಸಿಕ್ಕಾಗಲೆಲ್ಲ ತಮ್ಮ ಕಾಲು ಹಿಡಿದುಕೊಂಡು ಕೂಗುತ್ತಿದ್ದ. ಕಳೆದ ಮಳೆಗಾಲದಲ್ಲೇ ಆ ಗುಂಡಿ ಮುಚ್ಚುತ್ತೇವೆ ಎಂದಿದ್ದರು, ಜಲ್ಲಿ ತಂದು ಸುರಿದು ಹೋದರು. ಈಗ ಆ ಜಲ್ಲಿಯೂ ಚರಂಡಿ ಪಾಲಾಗಿದೆ.

ನಮ್ಮ ಮಲೆನಾಡಿನ ಹಣೆಬರಹವೇ ಇಷ್ಟು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆಗೆ ಜನ ಸತ್ತ ಮೇಲೆ ಸಾಹೇಬರ ಜೀಪುಗಳು ಸಾಲಾಗಿ ಬಂದವು. ಈಗಲೂ ಯಾರಾದರೂ ಸತ್ತರೆ ಮಾತ್ರ ಬರುತ್ತೀರಾ? ಕಟ್ಟಡದ ಉದ್ಘಾಟನೆಗೆ ಹಾರ ಹಾಕಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ, ಒಳಗೆ ಮೆಷಿನ್ ಓಡುತ್ತಿದೆಯಾ ಎಂದು ನೋಡಲು ಸಿಗುವುದಿಲ್ಲ.

ತಮ್ಮ ಇನ್ನು ತಿಂಗಳುಗಟ್ಟಲೆ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಅದೂ ಇಲ್ಲಿ ಆಗುವುದಿಲ್ಲವಂತೆ! ಪ್ರತಿ ಸಲ ಕೂಲಿ ಬಿಟ್ಟು ಶಿವಮೊಗ್ಗಕ್ಕೆ ಓಡಬೇಕಾ?

ಸ್ಕ್ಯಾನಿಂಗಿಗೆ ಡಾಕ್ಟರನ್ನು ಕೊಡಿ. ಇಲ್ಲವೇ ರಸ್ತೆಯನ್ನಾದರೂ ಸರಿ ಮಾಡಿ, ಆಂಬುಲೆನ್ಸನ್ನಾದರೂ ಕೊಡಿ. ಏನೂ ಮಾಡದೆ ಸುಮ್ನೆ ಕೂತು ಸಂಬಳ ಎಣಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ನೊಂದ ಓದುಗ, ಶಿವಮೊಗ್ಗ ಜಿಲ್ಲೆ