ಭಾನುವಾರ ಪೀಣ್ಯಕ್ಕೆ ದೊಡ್ಡ ಮಷೀನ್ ನೋಡಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 9.30ಕ್ಕೆ ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದ ಕೆಳಗೆ ಸೇರೋಣ. ವರ್ಕ್‌ಶಾಪ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ರಜೆ ದಿನವಾದರೂ ಮಾಲೀಕರು ನಮಗೋಸ್ಕರ ಪ್ಲೇನರ್ (ಲೋಹದ ಮೇಲ್ಮೈಯನ್ನು ಕೆತ್ತಿ ಸಮ ಮಾಡುವ ಮಷೀನ್) ಮತ್ತು ವರ್ಟಿಕಲ್ ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಮಷೀನ್) ಎರಡನ್ನೂ ಓಡಿಸಿ ತೋರಿಸುತ್ತಾರೆ.

ಪ್ಲೇನರ್ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಇದೇ ಥರದ ಕೆಲಸ ಮಾಡುವ ಚಿಕ್ಕ ಮಷೀನ್ ಶೇಪರ್‌ನಲ್ಲಿ ಕೆತ್ತುವ ಟೂಲ್ ಹಿಂದೆ ಮುಂದೆ ಓಡುತ್ತದೆ, ಅಲ್ವಾ? ಇಲ್ಲಿ ಉಲ್ಟಾ. ಇಡೀ ಟೇಬಲ್ಲೇ ಜಾಬ್ (ಕೆತ್ತಬೇಕಾದ ಲೋಹದ ತುಂಡು) ಹೊತ್ತುಕೊಂಡು ಟೂಲ್ ಕೆಳಗೆ ಹೋಗಿ ಬರುತ್ತದೆ. ಲೇತ್ ಬೆಡ್‌ನಂಥ (ಲೇತ್‌ನ ಅಡಿಭಾಗ) ಉದ್ದನೆಯ ಎರಕಗಳನ್ನು ಸಮ ಮಾಡಿದ್ದು ಇಂಥ ಮಷೀನ್‌ಗಳೇ. ವರ್ಟಿಕಲ್ ಲೇತ್‌ನಲ್ಲಿ ಜಾಬ್ ಮಲಗಿಕೊಂಡೇ ತಿರುಗುತ್ತದೆ. ಭಾರವೆಲ್ಲ ಟೇಬಲ್ ಮೇಲೆ ಕೂರುವುದರಿಂದ ಕಟ್ಟುವುದೂ ಸುಲಭ. ಮನೆಯ ಪುಟ್ಟ ಲೇತ್‌ನಲ್ಲಿ ಕೆಲಸ ಮಾಡುವ ನಮಗೆ ಇದು ಹಬ್ಬವೇ ಸರಿ.

ಶೂ ಕಡ್ಡಾಯ. ಸಡಿಲ ತೋಳು, ದುಪಟ್ಟಾ, ಸರ, ಉಂಗುರ ಬೇಡ. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿ. ತಿರುಗುವ ಮಷೀನ್ ಹತ್ತಿರ ಗ್ಲೌಸ್ ಹಾಕಲೇಬೇಡಿ, ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬಿಸಿಗೆ ನೀಲಿಯಾದ ಚಿಪ್ಸ್ (ಕೆತ್ತುವಾಗ ಬರುವ ಲೋಹದ ಸಿಪ್ಪೆ) ಸುರುಳಿ ಎಷ್ಟೇ ಚೆಂದ ಕಂಡರೂ ಮುಟ್ಟಬೇಡಿ, ಅಂಚು ಬ್ಲೇಡ್‌ನಷ್ಟು ಹರಿತ.

ಮಷೀನ್ ಫೋಟೋ ತೆಗೆಯಬಹುದು. ಗೋಡೆಯ ಮೇಲಿನ ಡ್ರಾಯಿಂಗ್‌ಗಳದ್ದು ಬೇಡ, ಅವು ಗಿರಾಕಿಗಳ ಸ್ವತ್ತು.

ಜಾಗ 15 ಜನಕ್ಕೆ ಮಾತ್ರ. 12 ವರ್ಷ ದಾಟಿದ ಮಕ್ಕಳನ್ನು ಕರೆತರಬಹುದು. ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಜೊತೆಗೆ ಎಷ್ಟು ಜನ ಅಂತ ಇಲ್ಲೇ ಬರೆಯಿರಿ. ಆಗದಿದ್ದರೆ ದಯವಿಟ್ಟು ಮೊದಲೇ ತಿಳಿಸಿ, ಬೇರೆಯವರಿಗೆ ಅವಕಾಶ ಸಿಗುತ್ತದೆ.