ಮತ್ತೆ ವೇದಿಕೆಗೆ ಬಂದ ಮೇಲೆ ಸಲ್ಲಿಸಬೇಕಾದ ಕೃತಜ್ಞತೆ

ಮಂಡಿಗೆ ಪೆಟ್ಟು ಬಿದ್ದು ಸರಿಯಾಗಿ 14 ತಿಂಗಳ ನಂತರ, ಕಳೆದ ವಾರ ನಾನು ಮತ್ತೆ ವೇದಿಕೆಯ ಮೇಲೆ ನರ್ತಿಸಿದೆ. ಅಂದಿನಿಂದ ಬರುತ್ತಿರುವ ಸಂದೇಶಗಳಲ್ಲಿ ಹೆಚ್ಚಿನವು ನನ್ನ ಛಲವನ್ನು ಮೆಚ್ಚಿಕೊಂಡವು. ಆ ಪ್ರೀತಿಗೆ ಋಣಿಯಾಗಿದ್ದೇನೆ. ಆದರೆ ಈ 14 ತಿಂಗಳಲ್ಲಿ ನನ್ನ ಛಲದಿಂದ ಆದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು; ನನ್ನನ್ನು ನಡೆಸಿದವರು ಬೇರೆಯವರು. ಅವರಿಗೆ ಬಹಿರಂಗವಾಗಿ ವಂದನೆ ಹೇಳಲೆಂದೇ ಈ ಬರಹ.

ಪೆಟ್ಟು ಬಿದ್ದದ್ದು ತಾಲೀಮಿನ ಕೊನೆಯ ಅರ್ಧ ಗಂಟೆಯಲ್ಲಿ. ಎಷ್ಟೋ ಸಲ ಮಾಡಿದ್ದ ಜಿಗಿತವೊಂದರಿಂದ ಇಳಿಯುವಾಗ ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗಿನ ‘ಟಪ್’ ಎಂಬ ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತಂತೆ. ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಪೂರ್ತಿ ಹರಿದಿತ್ತು. ಶಸ್ತ್ರಚಿಕಿತ್ಸೆಯಲ್ಲಿ ನನ್ನದೇ ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಅದರ ಜಾಗಕ್ಕೆ ಕೂರಿಸಿದರು. ಇದರಲ್ಲಿ ನನ್ನ ತಪ್ಪೂ ಇದೆ. ಕೆಳಗೆ ಪೆಟ್ಟು ಹೀರುವ ಮರದ ಹಾಸಿಲ್ಲದೆ ಸಿಮೆಂಟಿನ ಮೇಲೆ ನೇರವಾಗಿ ವಿನೈಲ್ ಹಾಸಿದ ಕೋಣೆಯನ್ನು ಬಾಡಿಗೆ ಕಡಿಮೆಯೆಂದು ಆರಿಸಿಕೊಂಡವಳೂ, ಎಲ್ಲರೂ ದಣಿದಿದ್ದಾಗ “ಇನ್ನೊಂದೇ ಸಲ” ಎಂದವಳೂ ನಾನೇ.

ಸ್ವತಂತ್ರವಾಗಿ ದುಡಿಯುವ ನೃತ್ಯಗಾರ್ತಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಮೈ ನಿಂತ ದಿನ ವರಮಾನವೂ ನಿಲ್ಲುತ್ತದೆ. ಒಪ್ಪಿಕೊಂಡಿದ್ದ ಕಾರ್ಯಾಗಾರಗಳು ಒಂದೊಂದಾಗಿ ಕೈಬಿಟ್ಟುಹೋದವು. ಒಬ್ಬ ಆಯೋಜಕರಂತೂ ಸುದ್ದಿ ತಿಳಿದ ಮರುದಿನವೇ, ನನಗೊಂದು ಮಾತೂ ಹೇಳದೆ, ನನ್ನ ಹೆಸರಿನ ಜಾಗದಲ್ಲಿ ಬೇರೆ ಹೆಸರು ಅಚ್ಚು ಹಾಕಿಸಿದರು. (ನೆನಪಿದೆ, ಮುನಿಸಿಲ್ಲ ಎಂದರೆ ಅರ್ಧ ಸುಳ್ಳಾದೀತು.) ಆದರೆ ಕಳೆದ ವಾರ ವೇದಿಕೆಗೆ ಬಂದ ಈ ಹೊಸ ನೃತ್ಯಪ್ರಯೋಗಕ್ಕೆ ಮುಂಗಡ ಕೊಟ್ಟಿದ್ದವರು ಆ ಹಣವನ್ನು ಹಿಂದಕ್ಕೆ ಕೇಳಲಿಲ್ಲ, ದಿನಾಂಕವನ್ನಷ್ಟೇ ಮುಂದೂಡಿದರು. ಆ ವರ್ಷ ನಾನು ಬಾಡಿಗೆ ಕಟ್ಟಿದ್ದು ಅದರಿಂದಲೇ.

ನನ್ನ ಫಿಸಿಯೋಥೆರಪಿಸ್ಟ್ ಕೋನ ಅಳೆಯುವ ಪಟ್ಟಿಯನ್ನು ಮಂಡಿಗೆ ಹಿಡಿದು ಅಂಕಿ ಓದುತ್ತಿದ್ದರು. ಕಾಲು ಎಷ್ಟು ಮಡಚಿತು ಎಂದು ಕೇಳಲು ನನಗೆ ಆತುರ. ಅವರಿಗೆ ಅದು ಸೊನ್ನೆ ಡಿಗ್ರಿಯವರೆಗೆ ಪೂರ್ತಿ ನೆಟ್ಟಗಾಯಿತೇ ಎಂಬುದೇ ಮುಖ್ಯ. ಮೂರನೆಯ ತಿಂಗಳ ಹೊತ್ತಿಗೆ ನೋವು ಇಳಿದು, ಕದ್ದು ಜಿಗಿಯತೊಡಗಿದ್ದಾಗ ಸಿಕ್ಕಿಬಿದ್ದೆ. ಕೂರಿಸಿದ ರಜ್ಜುವಿನೊಳಗೆ ಹೊಸ ರಕ್ತನಾಳಗಳು ಬೆಳೆದು ಅದು ಮರುರೂಪುಗೊಳ್ಳುವ ಹೊತ್ತು ಅದು, ರಜ್ಜು ಅತ್ಯಂತ ದುರ್ಬಲವಾಗಿರುವುದೂ ಆಗಲೇ, ನೋವಿಲ್ಲವೆಂದರೆ ಗಟ್ಟಿಯಾಗಿದೆ ಎಂದಲ್ಲ ಎಂದು ಅವರು ಬಿಡಿಸಿ ಹೇಳಿದಾಗ ನಾಚಿಕೆಯಾಯಿತು. ಮತ್ತೆ ನರ್ತಿಸಬೇಕಾದರೆ, ಒಂಟಿ ಕಾಲಿನ ಕುಪ್ಪಳಿಕೆಯಲ್ಲಿ ಪೆಟ್ಟಾದ ಕಾಲು ಇನ್ನೊಂದರ 90 ಪ್ರತಿಶತ ದೂರವನ್ನಾದರೂ ದಾಟಬೇಕಿತ್ತು. ಒಂಬತ್ತನೆಯ ತಿಂಗಳಲ್ಲಿ ನನ್ನದು 84. ಅಂಗಲಾಚಿದರೂ ಬಿಡದೆ ಮತ್ತೆ ವ್ಯಾಯಾಮಕ್ಕೆ ಕಳಿಸಿದ ಆ ನಿಷ್ಠುರತೆಗೆ ನಾನು ತಲೆಬಾಗುತ್ತೇನೆ.

ಇನ್ನು ನಾನು ನೃತ್ಯ ಕಲಿಸುವ ಶನಿವಾರದ ತರಗತಿಯ 11 ಮಂದಿ. ತರಗತಿಯನ್ನು ಮುಚ್ಚುತ್ತೇನೆಂದು ಹೇಳಲು ಊರುಗೋಲಿನಲ್ಲಿ ಹೋಗಿದ್ದೆ. ಗುಂಪಿನ ಹಿರಿಯ ಹುಡುಗಿ, “ಅಕ್ಕಾ, ನೀವು ಕುರ್ಚಿ ಮೇಲೆ ಕೂತ್ಕೊಂಡು ಬಾಯಲ್ಲಿ ಹೇಳಿ, ನಾವು ಮಾಡ್ತೀವಿ” ಎಂದಳು. ಬಾಯಲ್ಲಿ ಹೇಳಲು ಹೊರಟಾಗಲೇ ನನ್ನ ಬಳಿ ಮಾತುಗಳೇ ಇಲ್ಲವೆಂಬುದು ತಿಳಿದದ್ದು. 20 ವರ್ಷಗಳಿಂದ ನಾನು “ಹೀಗೆ” ಎಂದು ಮಾಡಿ ತೋರಿಸುತ್ತಿದ್ದೆ, ಕಲಿಯಲು ಬಂದವರು ನನ್ನ ಮೈಯನ್ನು ನಕಲು ಮಾಡುತ್ತಿದ್ದರು. ಅದನ್ನೇ ನಾನು ಕಲಿಸುವಿಕೆ ಎಂದು ನಂಬಿದ್ದೆ. ಕುರ್ಚಿಯಿಂದ “ತೋಳೆತ್ತಿ” ಎಂದರೆ 11 ಬಗೆಯಲ್ಲಿ ತೋಳುಗಳು ಎದ್ದವು. ಒಬ್ಬನಂತೂ ಬಾವಿಯಿಂದ ತುಂಬಿದ ಕೊಡ ಸೇದುವವನಂತೆ, ಬೆನ್ನಿನ ರೆಕ್ಕೆಮೂಳೆಯಿಂದ ಮೊದಲು ಎಳೆದು, ಬೆರಳುಗಳನ್ನು ಕೊನೆಗೆ ತಂದ. ಅಷ್ಟು ಚೆಂದದ ಚಲನೆ ನನಗೆ ಹೊಳೆದಿರಲಿಲ್ಲ. ಕಳೆದ ವಾರ ನೀವು ನೋಡಿದ ಪ್ರಯೋಗದ ನಡುಭಾಗ ಹುಟ್ಟಿದ್ದು ಅಲ್ಲಿಂದ.

ಸಂಧಿವಾತದಿಂದ ಓಡಾಟ ಕಷ್ಟವಾದ ಮೇಲೂ ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಕಂಪ್ಯೂಟರ್ ಪರದೆಯ ಮೇಲಿನ ಆಕೃತಿಗಳನ್ನು ಚಲಿಸುವಂತೆ ಮಾಡಿ ನೃತ್ಯ ಸಂಯೋಜಿಸಿದ್ದನ್ನು ಓದಿದ್ದೆನಾದರೂ, ಅದು ದೊಡ್ಡವರ ಮಾತೆಂದು ಬದಿಗಿಟ್ಟಿದ್ದೆ. ಮೈಗೆ ಮೈ ತಾಗಿಸಿ, ಭಾರ ಹಂಚಿಕೊಂಡು, ಮೊದಲೇ ಗೊತ್ತುಮಾಡದೆ ನರ್ತಿಸುವ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಅನ್ನು 1972ರಲ್ಲಿ ಆರಂಭಿಸಿದ ಅಮೆರಿಕದ ನೃತ್ಯಗಾರ ಸ್ಟೀವ್ ಪ್ಯಾಕ್ಸ್‌ಟನ್ ಸುಮ್ಮನೆ ನಿಲ್ಲುವುದನ್ನೇ ‘ಸ್ಮಾಲ್ ಡಾನ್ಸ್’ ಎಂದು ಕರೆದರು. ನಿಂತ ದೇಹ ಬೀಳದಿರಲೆಂದು ಕಣಕಾಲು, ಸೊಂಟ, ಬೆನ್ನು ಸದ್ದಿಲ್ಲದೆ ಮಾಡುತ್ತಲೇ ಇರುವ ಹೊಂದಾಣಿಕೆಗಳನ್ನು ಗಮನಿಸುವ ಅಭ್ಯಾಸವದು. ಊರುಗೋಲು ಬಿಟ್ಟ ದಿನ ನಾನು ಮಾಡಬಲ್ಲ ನೃತ್ಯವೆಂದರೆ ಅಷ್ಟೇ ಆಗಿತ್ತು. ಆ 11 ಮಂದಿಯೂ ನನ್ನ ಸುತ್ತ ಹತ್ತು ನಿಮಿಷ ನಿಂತರು. ಚಡಪಡಿಸುವ ವಯಸ್ಸಿನವರು, ಒಬ್ಬರೂ ನಗಲಿಲ್ಲ. ಪ್ರಯೋಗದ ಆರಂಭದಲ್ಲಿ ನಾವೆಲ್ಲ ಯಾಕೆ ಅಷ್ಟು ಹೊತ್ತು ಅಲುಗದೆ ನಿಂತಿದ್ದೆವೆಂದು ಕೇಳಿದವರಿಗೆ ಇದೇ ಉತ್ತರ.

ನಾನು ಬಾರದ ಶನಿವಾರಗಳಲ್ಲಿ ಉಚಿತವಾಗಿ ತರಗತಿ ನಡೆಸಿದ ಗೆಳತಿಗೆ, ಸಂಭಾವನೆಯ ಮಾತೆತ್ತಿದರೆ ಬೈದ ಬೆಳಕಿನ ವಿನ್ಯಾಸಕರಿಗೆ, “ಗುರುಗಳೇ ಬಿದ್ದಿದ್ದಾರಲ್ಲ” ಎಂಬ ಭಯವಿದ್ದರೂ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸದ ತಂದೆತಾಯಿಯರಿಗೆ ನನ್ನ ಹೃತ್ಪೂರ್ವಕ ವಂದನೆಗಳು.

ಕೊನೆಯದಾಗಿ, ಗುಂಪಿನಲ್ಲಿ ಮಾತೇ ಆಡದ ಹುಡುಗನಿಗೆ. ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ, ಚಲನೆಗಳನ್ನು ಗುರುತುಗಳಲ್ಲಿ ಬರೆದಿಡುವ ನೃತ್ಯಲಿಪಿಯ ಬಗ್ಗೆ, ಅದನ್ನು ಪುಟದ ಕೆಳಗಿನಿಂದ ಮೇಲಕ್ಕೆ ಓದಬೇಕೆಂದು, ನಾನು ಒಮ್ಮೆ ಮಾತಿನ ನಡುವೆ ಹೇಳಿದ್ದುಂಟು. ಅದನ್ನು ಹಿಡಿದುಕೊಂಡು ನೀನು ಇಡೀ ಪ್ರಯೋಗವನ್ನು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀಯೆಂದು ಗೊತ್ತಾದದ್ದು, ಒಂದು ದೃಶ್ಯ ನಮ್ಮೆಲ್ಲರಿಗೂ ಮರೆತುಹೋದ ದಿನ. ನೋಟ್‌ಬುಕ್ ಇನ್ನೂ ನನ್ನಲ್ಲೇ ಇದೆ, ಶನಿವಾರ ತರುತ್ತೇನೆ. 31ನೆಯ ಪುಟದಲ್ಲಿ ಎಡಗೈಯ ಚಲನೆ ಬರೆಯುವ ಕಂಬಸಾಲು ಬಲಕ್ಕೆ ಹೋಗಿದೆ. ಅಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ.